ಜೋಡಿ ತಂತಿಯ ಕಪ್ಪು ಕಡ್ಡಿ

ಭದ್ರಾವತಿಯ ನಮ್ಮ ಬೀದಿಯ ವೆಂಕಟಾಚಲರಿಗೆ ನಾವಿಟ್ಟ ಹೆಸರು ಸಂಶಯಪಿಶಾಚಿ. ಕಾರ್ಖಾನೆಯಿಂದ ನಿವೃತ್ತರಾದ ಈ ಮನುಷ್ಯ ಹಾಲಿನವನನ್ನೂ ನಂಬುವುದಿಲ್ಲ, ಹವಾಮಾನ ವರದಿಯನ್ನೂ ನಂಬುವುದಿಲ್ಲ. ನಂಬುತ್ತಿದ್ದುದು ಕುಂಸಿಯ ರಾಮಯ್ಯನೊಬ್ಬನನ್ನು. ಇಬ್ಬರೂ ಹ್ಯಾಮ್ ರೇಡಿಯೋದವರು, ಮನೆಯ ಮೇಲೆ ಆಂಟೆನಾ ಕಟ್ಟಿ ದೂರದವರೊಡನೆ ಮಾತಾಡುವ ಹವ್ಯಾಸಿಗಳು. ದಿನಾ ಕಾಫಿ ಹೊತ್ತಿಗೆ ರೇಡಿಯೋದಲ್ಲಿ ಹರಟೆ.

"ಫೋನ್ ಮಾಡಬಾರ್ದಾ?" ಎಂದು ಕೇಳಿದ್ದೆ.

"ರೇಡಿಯೋನ ಎಲ್ರೂ ಕೇಳ್ತಾರೆ ಅಂತ ಗೊತ್ತಿರುತ್ತೆ ಮಾರಾಯ. ಫೋನಲ್ಲಿ ಯಾರು ಕದ್ದು ಕೇಳ್ತಾರೋ!"

ಹೋದ ಮುಂಗಾರಿನ ಮೊದಲ ಗಾಳಿಗೇ ಆ ಹರಟೆ ನಿಂತಿತು. ಆಂಟೆನಾದಿಂದ ಮನೆಯೊಳಗೆ ಇಳಿಯುವ ಜೋಡಿ ತಂತಿ ಒಂದಕ್ಕೊಂದು ತಾಗದಂತೆ ನಡುನಡುವೆ ಕಟ್ಟಿದ್ದ ಬಿಳಿ ಪ್ಲಾಸ್ಟಿಕ್ ಕಡ್ಡಿಗಳು ಬಿಸಿಲಿಗೆ ಒಣಗಿ ಹಪ್ಪಳದಂತೆ ಮುರಿದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವರಿಗೆ ಮತ್ತೊಮ್ಮೆ ಖಾತ್ರಿಯಾಯಿತು.

ಶಿವಮೊಗ್ಗದ ಗಾಂಧಿ ಬಜಾರಿನಿಂದ ನೈಲಾನ್, ಪಿವಿಸಿ ತುಂಡುಗಳು ಬಂದವು. "ಗ್ಯಾರಂಟಿ ಸಾರ್" ಎಂದದ್ದಕ್ಕೇ ಅಂಗಡಿಯವನ ಮೇಲೆ ಗುಮಾನಿ. ಎಲ್ಲವನ್ನೂ ತಾರಸಿಯ ಬಟ್ಟೆ ಹಗ್ಗಕ್ಕೆ ನೇತುಹಾಕಿ, ಯಾವುದು ಬಾಳುತ್ತದೋ ಒಂದು ಮಳೆಗಾಲ, ಒಂದು ಬೇಸಿಗೆ ನೋಡುತ್ತೇನೆ ಎಂದರು.

"ಅಡಿಕೆ ತೋಟದ ಡ್ರಿಪ್ ಪೈಪ್ ಕತ್ತರಿಸಿ ಕಟ್ರೀ, ವರ್ಷಗಟ್ಲೆ ಬಿಸಿಲಲ್ಲೇ ಬಿದ್ದಿರುತ್ತೆ" ಎಂದರು ಹೆಂಡತಿ ಸಾವಿತ್ರಮ್ಮ. ಅದರ ತುಂಡೂ ಹಗ್ಗಕ್ಕೇರಿತು. ಕುಂಸಿಗಾದರೂ ಹೋಗಿಬನ್ನಿ ಎಂದರೆ, ತಂತಿ ಸರಿಯಾದಮೇಲೆ ರೇಡಿಯೋದಲ್ಲಿ ಮಾತು ಇದ್ದೇ ಇದೆ ಎಂಬ ಉತ್ತರ.

ಈ ನಡುವೆ ಗುರುತಿಲ್ಲದ ನಂಬರಿನಿಂದ ಮತ್ತೆ ಮತ್ತೆ ಕರೆ ಬಂತು. "ಓಟಿಪಿ ಕಳ್ಳರು" ಎಂದು ನಂಬರನ್ನೇ ಬ್ಲಾಕ್ ಮಾಡಿದರು.

ಬೇಸಿಗೆ ಮುಗಿಯುವಷ್ಟರಲ್ಲಿ ನೈಲಾನ್ ನೀರು ಕುಡಿದು ಸೊಟ್ಟಗಾಗಿತ್ತು, ಪಿವಿಸಿ ಹಳದಿಯಾಗಿ ಬಿರುಕುಬಿಟ್ಟಿತ್ತು. ಕಪ್ಪು ಡ್ರಿಪ್ ಪೈಪು ಹಾಗೇ ಇತ್ತು. ಹಿಂದೆ ಮುಂದೆ ನೋಡುತ್ತಲೇ ಅದನ್ನೇ ಕತ್ತರಿಸಿ ಜೋಡಿ ತಂತಿಯ ನಡುವೆ ಕಟ್ಟಿದರು.

ಮರುದಿನ ಬೆಳಿಗ್ಗೆ ನಾನೂ ಪಕ್ಕದಲ್ಲಿದ್ದೆ. ರಾಮಯ್ಯನನ್ನು ಕರೆದಾಗ ತೊದಲುವ ದನಿಯೊಂದು ಉತ್ತರಿಸಿತು.

"ಯಾರ್ರೀ ನೀವು? ಇದು ರಾಮಯ್ಯನ ದನಿ ಅಲ್ಲ. ಅವನ ಹೆಸರಲ್ಲಿ ಯಾಕ್ರೀ ಮಾತಾಡ್ತೀರಿ?"

ಆ ಕಡೆಯಿಂದ ಮಾತಿನ ಬದಲು ಮೋರ್ಸ್ ಬಂತು, ಚುಕ್ಕಿ-ಗೆರೆಗಳ ಸದ್ದಿನ ಸಂಕೇತ. ಕೊನೆಯ ಗೆರೆಯನ್ನು ಎಳೆದು ಒತ್ತುವ ಕೈ. ಒತ್ತುವ ರೀತಿಯಿಂದಲೇ ಆಳು ಯಾರೆಂದು ಮೋರ್ಸ್ ಕಲಿತವರಿಗೆ ಕೈಬರಹದಷ್ಟೇ ಗುರುತು ಸಿಗುತ್ತದಂತೆ. ವೆಂಕಟಾಚಲರು ಕೊನೆಯವರೆಗೆ ಕೇಳಿ ನನ್ನತ್ತ ತಿರುಗಿದರು.

"ಅವನೇ ಕಣೋ. ಲಕ್ವ ಹೊಡ್ದಿದೆಯಂತೆ. ಮಗಳು ಸುಷ್ಮಾ ಆಸ್ಪತ್ರೆಯಿಂದ ಎಷ್ಟೋ ಸಲ ಫೋನ್ ಮಾಡಿದ್ಳಂತೆ."

ಪ್ಲಾಸ್ಟಿಕ್ಕಿಗೆ ವರ್ಷ ಕೊಟ್ಟ ಮನುಷ್ಯ ಫೋನಿಗೆ ನಿಮಿಷ ಕೊಡಲಿಲ್ಲವಲ್ಲ ಎಂದು ನನಗೆ ಸಿಟ್ಟೇ ಬಂತು. ಆದರೆ ಅವರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ತಮ್ಮ ಮೊಬೈಲನ್ನು ಯಾರಿಗೂ ಮುಟ್ಟಗೊಡದ ವೆಂಕಟಾಚಲರು ಅದನ್ನು ನನ್ನ ಕೈಗಿಟ್ಟರು.

"ಆ ನಂಬರ್ ಬ್ಲಾಕ್ ತೆಗೆದುಕೊಡು ಮಾರಾಯ."