ಮೇಕೆ ಕಣ್ಣು, ಇಡ್ಲಿ ತಟ್ಟೆ ಮತ್ತು ಹದಿನಾರು ಡಿಗ್ರಿ

ಕಳೆದ ಮಂಗಳವಾರ ನಾನು ಒಂದೇ ಒಂದು ಬಟನ್ ಒತ್ತಿ ಒಬ್ಬ ಹುಡುಗಿಯ ಮೂರು ವಾರದ ಕೆಲಸ ಹಾಳು ಮಾಡಿದೆ. ಬಟನ್ ಇದ್ದದ್ದು ಏಸಿ ರಿಮೋಟಿನ ಮೇಲೆ. ಒತ್ತಿದ್ದು ಒಳ್ಳೇ ಮನಸ್ಸಿನಿಂದ. (ನಾನು ಮಾಡಿದ ಅನಾಹುತಗಳೆಲ್ಲ ಒಳ್ಳೇ ಮನಸ್ಸಿನಿಂದಲೇ ಆದವು. ಬೇಕಾದರೆ ನನ್ನ ಗಂಡನನ್ನು ಕೇಳಿ.)

ಹುಡುಗಿಯ ಹೆಸರು ಫರ್ಹಾನಾ. ಚಿತ್ರದುರ್ಗದವಳು. ಕೊಯಮತ್ತೂರಿನ ನಮ್ಮ ಮನೆಯ ಮಹಡಿ ರೂಮಿನಲ್ಲಿ ಇದ್ದುಕೊಂಡು ಇಲ್ಲಿನ ಕಾಲೇಜೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. "ಏನಮ್ಮಾ ನಿನ್ನ ಸಬ್ಜೆಕ್ಟು?" ಅಂತ ಕೇಳಿದ್ದಕ್ಕೆ ಅರ್ಧ ಗಂಟೆ ಹೇಳಿದಳು. ನಾನೂ ಅರ್ಧ ಗಂಟೆ ತಲೆಯಾಡಿಸಿದೆ. ಅರ್ಥವಾದದ್ದು ಇಷ್ಟು.

ಪ್ಲಾಸ್ಟಿಕ್ ತಟ್ಟೆಯಲ್ಲಿ ಜೀವಕೋಶ ಬೆಳೆಸುತ್ತಾರೆ. ಬೆಳೆದವು ತಟ್ಟೆಗೆ ಕಚ್ಚಿಕೊಂಡು ಕೂರುತ್ತವೆ. ಕೆರೆದರೆ ಹರಿಯುತ್ತವೆ. ಔಷಧಿ ಹಾಕಿ ಬಿಡಿಸಿದರೆ ಬಿಡಿಬಿಡಿಯಾಗಿ ಬರುತ್ತವೆ, ಪದರ ಉಳಿಯುವುದಿಲ್ಲ. ಹಾಗಾಗಿ ಇವಳು ತಟ್ಟೆಗೆ ಮೊದಲೇ ಒಂದು ಪಾಲಿಮರ್ ಲೇಪನ ಕೊಡುತ್ತಾಳೆ. ಮೈಬಿಸಿಯಷ್ಟು, ಅಂದರೆ ಮೂವತ್ತೇಳು ಡಿಗ್ರಿ ಇರುವವರೆಗೆ ಅದು ಮುದುಡಿಕೊಂಡಿರುತ್ತದೆ, ಕೋಶಗಳು ಗಟ್ಟಿಯಾಗಿ ಹಿಡಿದು ಬೆಳೆಯುತ್ತವೆ. ಮೂವತ್ತೆರಡಕ್ಕಿಂತ ಕೆಳಗಿಳಿಯಿತೋ, ಲೇಪನ ನೀರು ಕುಡಿದು ಉಬ್ಬುತ್ತದೆ, ಕೋಶಗಳು ಹಿಡಿತ ಬಿಡುತ್ತವೆ. ಇಡೀ ಪದರ ಹಾಲಿನ ಕೆನೆಯ ಹಾಗೆ ಹರಿಯದೆ ಎದ್ದು ಬರುತ್ತದೆ. ಮುಂದೊಂದು ದಿನ ಅಂಥದ್ದನ್ನು ಸುಟ್ಟ ಚರ್ಮಕ್ಕೋ ಕೆಟ್ಟ ಕಣ್ಣಿಗೋ ಹೊದಿಸಬಹುದಂತೆ.

ಊಟಕ್ಕೆ ಕೂತಾಗ ಫರ್ಹಾನಾ ಎದುರೇ ಇದನ್ನೆಲ್ಲ ನಮ್ಮತ್ತೆಗೆ ಹೇಳಿದೆ. ನಮ್ಮತ್ತೆ ಹುಟ್ಟಿ ಬೆಳೆದದ್ದೆಲ್ಲ ಇದೇ ಊರು. ಅವರ ಕನ್ನಡ ಅಡುಗೆಮನೆಯಿಂದ ಹೊರಡುತ್ತದೆ, ಹೊಸಿಲು ದಾಟುವಷ್ಟರಲ್ಲಿ ತಮಿಳಾಗಿರುತ್ತದೆ.

"ಇದಕ್ಕಾ ಅಷ್ಟು ಪಡಿಪ್ಪು?" ಅಂದರು. "ಇಡ್ಲಿ ಇಳಿಸಿದ ಒಡನೆ ಸ್ಪೂನ್ ಹಾಕಿ ಕೆರೆದ್ರೆ ಅರ್ಧ ಇಡ್ಲಿ ತಟ್ಟೇಲೇ ಇರ್ತದೆ. ಅಂಜು ನಿಮಿಷ ಆರಕ್ಕೆ ಬಿಡು, ಅದೇ ಬರ್ತದೆ. ಈ ಪಿಳ್ಳೆ ಹತ್ರ ಕೇಳು, ಅಷ್ಟೇ ತಾನೇ ವಿಷಯ?" (ಪಡಿಪ್ಪು ಅಂದರೆ ಓದು, ಅಂಜು ಅಂದರೆ ಐದು, ಪಿಳ್ಳೆ ಅಂದರೆ ಮಗು.)

ಅಷ್ಟೇ ಆಂಟಿ, ಅಂದಳು ಫರ್ಹಾನಾ. (ಅವು ಮೇಕೆ ಕಣ್ಣಿನ ಕೋಶಗಳು ಅಂತ ಮಾತ್ರ ನಾವಿಬ್ಬರೂ ಅತ್ತೆಗೆ ಹೇಳಿಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೆ ನಿಮಗೆ ಹೇಳುತ್ತಿದ್ದೇನೆ.)

ತೊಂದರೆ ಇದ್ದದ್ದು ಕರೆಂಟಿನದು. ತಮಿಳುನಾಡಿನಲ್ಲಿ ಈಗ ಕರೆಂಟ್ ಯಾವಾಗ ಇರುತ್ತೆ ಅಂತ ಕೇಳಬೇಕೇ ಹೊರತು ಯಾವಾಗ ಹೋಗುತ್ತೆ ಅಂತ ಅಲ್ಲ. ಕರೆಂಟ್ ಹೋದರೆ ಕೋಶ ಬೆಳೆಸುವ ಬೆಚ್ಚನೆಯ ಪೆಟ್ಟಿಗೆ, ಇನ್‌ಕ್ಯುಬೇಟರ್, ತಣ್ಣಗಾಗುತ್ತದೆ. ಅರ್ಧಂಬರ್ಧ ಬೆಳೆದ ಕೋಶಗಳು ತಟ್ಟೆ ಬಿಟ್ಟು ತೇಲಿಬಿಡುತ್ತವೆ. ಕಾಲೇಜಿನಲ್ಲಿ ಜನರೇಟರ್ ಇಲ್ಲವೇ? ಇದೆ. ಅದರ ಲೈನ್ ಪ್ರಿನ್ಸಿಪಾಲರ ರೂಮಿಗಿದೆ, ಕಾನ್ಫರೆನ್ಸ್ ಹಾಲಿನ ಏಸಿಗಿದೆ. ಲ್ಯಾಬಿಗಿಲ್ಲ. ನಾಲ್ಕು ತಿಂಗಳಿಂದ ಅರ್ಜಿ ಕೊಡುತ್ತಲೇ ಇದ್ದಾಳೆ.

"ಇನ್ನಾರು ತಿಂಗಳಲ್ಲಿ ಥೀಸಿಸ್ ಕೊಡ್ಬೇಕು ಆಂಟಿ. ಹಿಂಗೇ ಆದ್ರೆ ಬಿಟ್ಟು ಊರಿಗೆ ಹೋಗ್ತೀನಿ" ಅಂತ ಮೆಟ್ಟಿಲ ಮೇಲೆ ಕೂತು ಅತ್ತಳು. ನನಗೆ ಹೊಟ್ಟೆ ಉರಿದುಹೋಯಿತು. ಓದೋ ಹುಡುಗಿಗೆ ಒಂದು ಪ್ಲಗ್ ಪಾಯಿಂಟ್ ಕೊಡೋಕೆ ಇವರಿಗೇನು ಧಾಡಿ?

ಅಷ್ಟರಲ್ಲಿ ಕರೆಸ್ಪಾಂಡೆಂಟ್ ಬರುತ್ತಾರೆ ಅಂತ ಸುದ್ದಿ ಬಂತು. (ನಮ್ಮ ಕಡೆ ಕರೆಸ್ಪಾಂಡೆಂಟ್ ಅಂದರೆ ಪೇಪರಿನವನು. ಇಲ್ಲಿ ಕಾಲೇಜಿನ ಯಜಮಾನ.) ತಿರುಪ್ಪೂರಿನಲ್ಲಿ ಬನಿಯನ್ ಫ್ಯಾಕ್ಟರಿ ಇಟ್ಟವರು. ಸಂಶೋಧನೆ ನೋಡುತ್ತಾರಂತೆ. ಅವರಿಗೆ ತಮಿಳು ಬಿಟ್ಟು ಬೇರೆ ಮಾತು ಬಾರದು, ಫರ್ಹಾನಾಗೆ ತಮಿಳು ಬಾರದು. ನಡುವೆ ದುಭಾಷಿ ನಾನು. ಅವರೆದುರು ಕೋಶದ ಪದರ ಬಿಡಿಸಿ ತೋರಿಸಿ, ಖುಷಿಯಲ್ಲಿದ್ದಾಗ ಜನರೇಟರ್ ಲೈನ್ ಕೇಳಬೇಕು. ಇದು ನಮ್ಮ ಪ್ಲಾನ್.

ಕಾನ್ಫರೆನ್ಸ್ ಹಾಲಿನಲ್ಲಿ ಮೈಕ್ರೋಸ್ಕೋಪು, ಟೀವಿ, ತಟ್ಟೆಯನ್ನು ಬೆಚ್ಚಗಿಡುವ ಒಂದು ಬಿಸಿ ಹಲಗೆ, ಅದರ ಮೇಲೆ ಅವಳು ಮೂರು ವಾರ ಬೆಳೆಸಿದ ಕೋಶಗಳ ತಟ್ಟೆ. ಎಲ್ಲ ಜೋಡಿಸುವಷ್ಟರಲ್ಲಿ ಫರ್ಹಾನಾಳನ್ನು ಕರೆದರು. ಯಾಕೆ? ಗೇಟಿನಲ್ಲಿ ಪನ್ನೀರು ಚಿಮುಕಿಸಲು! ವಿಜ್ಞಾನ ತೋರಿಸಬೇಕಾದ ಹುಡುಗಿ ಸೀರೆ ಉಟ್ಟು ಪನ್ನೀರು ದಾನಿ ಹಿಡಿದು ಬಿಸಿಲಲ್ಲಿ ನಿಂತಳು.

ಹಾಲಿನಲ್ಲಿ ನಾನೊಬ್ಬಳೇ. ಏಪ್ರಿಲ್ ಸೆಕೆ. ದೊಡ್ಡ ಮನುಷ್ಯರು ಬೆವರುತ್ತಾ ಬರುತ್ತಾರೆ, ಪಾಪ, ಅನ್ನಿಸಿತು. ಟೇಬಲ್ಲಿನ ಮೇಲೆ ರಿಮೋಟ್ ಕಂಡಿತು. ಒತ್ತಿದೆ, ಒತ್ತಿದೆ, ಹದಿನಾರಕ್ಕೆ ತಂದೆ. ಆಮೇಲೆ ದೀಪಗಳು ಒಂದು ಸಲ ಕಣ್ಣು ಮಿಟುಕಿಸಿದವು. ಕರೆಂಟ್ ಹೋಗಿ ಜನರೇಟರ್ ಬಂತು. ಏಸಿ ಓಡುತ್ತಲೇ ಇತ್ತು. ಬಿಸಿ ಹಲಗೆ ಇದ್ದದ್ದು ಜನರೇಟರ್ ಲೈನ್ ಇಲ್ಲದ ಮಾಮೂಲಿ ಪ್ಲಗ್ಗಿನಲ್ಲಿ. ಅದರ ಕೆಂಪು ದೀಪ ಆರಿದ್ದನ್ನು ನಾನು ನೋಡಲೇ ಇಲ್ಲ.

ಕರೆಸ್ಪಾಂಡೆಂಟ್ ಕುನ್ನತ್ತೂರಿನಲ್ಲಿ ಮದುವೆ ಊಟ ಮುಗಿಸಿ ಒಂದೂವರೆ ಗಂಟೆ ತಡವಾಗಿ ಬಂದರು. ಪ್ರಿನ್ಸಿಪಾಲರು ಜರಿ ಶಾಲು ಹೊದಿಸಿದರು. ಎಲ್ಲರೂ ಅದನ್ನು ತೆಗೆದು ಪಕ್ಕದವರಿಗೆ ಕೊಡುತ್ತಾರೆ ತಾನೇ? ಇವರು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು. ನಡುಗುತ್ತಿದ್ದರು.

ಫರ್ಹಾನಾ ಟೀವಿ ಹಾಕಿದಳು. ನನ್ನ ಕಡೆ ತಿರುಗಿದಳು. "ಆಂಟಿ, ಹೋಯ್ತು. ಎಲ್ಲಾ ಎದ್ದುಬಿಟ್ಟಿದೆ."

"ಎನ್ನಾಚುಂಗ?" ಏನಾಯಿತು ಅಂತ ಕೇಳಿದರು ಯಜಮಾನರು. ಈ ಸೀಮೆಯವರು ಬೈಯುವಾಗಲೂ ಕೊನೆಗೊಂದು 'ಂಗ' ಸೇರಿಸಿ ಮರ್ಯಾದೆ ಕೊಡುತ್ತಾರೆ. ಇನ್ನೇನು ದಾರಿ? ಅತ್ತೆಯ ಇಡ್ಲಿಯನ್ನೇ ಬಡಿಸಿದೆ. ಇದು ಇಡ್ಲಿ, ಇದು ತಟ್ಟೆ, ನಿಮ್ಮೆದುರು ಆರಿಸಿ ತೆಗೆಯಬೇಕಿತ್ತು, ನಾನು ಏಸಿ ಹಾಕಿ ಮೊದಲೇ ಆರಿಸಿಬಿಟ್ಟೆ, ತಪ್ಪು ನಂದೇ ಅಂದೆ.

ಅವರು ಎದ್ದು ಬಂದು ಬಗ್ಗಿ ನೋಡಿದರು. ತಟ್ಟೆಯ ನೀರಲ್ಲಿ ತೆಳ್ಳಗಿನ ಪದರವೊಂದು ತೇಲುತ್ತಿತ್ತು.

"ಹರಿದಿದೆಯಾ?"

"ಇಲ್ಲ ಸರ್" ಅಂದೆ.

"ಯಾರು ಕೈ ಹಾಕಿದ್ದು?"

"ಯಾರೂ ಇಲ್ಲ. ಏಸಿ ಅಷ್ಟೇ."

ಯಜಮಾನರು ಗಟ್ಟಿಯಾಗಿ ನಕ್ಕು ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರೂ ತಟ್ಟಿದರು. ಇದೇ ಸಮಯ ಅಂತ ಫರ್ಹಾನಾ ಜನರೇಟರ್ ಲೈನಿನ ಮಾತೆತ್ತಿದಳು. ನಾನು ತಮಿಳಿಗೆ ತರುವ ಮೊದಲೇ ಅವರು ಕೈಯೆತ್ತಿದರು. "ತಂಪಿನಿಂದ ಇಷ್ಟು ದೊಡ್ಡ ಕೆಲಸ ಆಗುತ್ತೆ ಅಂದಮೇಲೆ ಈ ಹುಡುಗಿಯ ಲ್ಯಾಬಿಗೆ ಏಸಿ ಇಲ್ಲವಾ? ಹಾಕಿಸಿ, ನಂದೇ ಕೊಡುಗೆ!"

ಏಸಿ! ಬೆಚ್ಚಗೆ ಇಡೋಕೆ ಕರೆಂಟ್ ಕೊಡಿ ಅಂತ ನಾಲ್ಕು ತಿಂಗಳು ಗೋಳಾಡಿದವಳಿಗೆ ಏಸಿ! ನನ್ನ ಪಿತ್ತ ನೆತ್ತಿಗೇರಿತು. ಅಯ್ಯಾ, ಅದಲ್ಲ, ಅಂತ ಬಾಯಿ ತೆಗೆದೆ. ಫರ್ಹಾನಾ ನನ್ನ ಕೈ ಚಿವುಟಿದಳು. "ಆಂಟಿ, ದಯವಿಟ್ಟು ಸುಮ್ನಿರಿ. ಥ್ಯಾಂಕ್ಸ್ ಹೇಳಿ."

ಅವಳ ಕಣ್ಣು ಪ್ರಿನ್ಸಿಪಾಲರ ಮೇಲಿತ್ತು. ಏಸಿ, ಜನರೇಟರ್ ಅನ್ನೋ ಮಾತು ತಿಳಿಯೋಕೆ ತಮಿಳು ಬೇಕಾಗಿರಲಿಲ್ಲ. ಅವರು ಆಗಲೇ ಎಲೆಕ್ಟ್ರಿಷಿಯನ್ನನ್ನು ಕರೆದು ಗದರುತ್ತಿದ್ದರು: "ಕರೆಸ್ಪಾಂಡೆಂಟ್ ಕೊಟ್ಟ ಏಸಿ. ಕರೆಂಟ್ ಹೋದರೂ ನಿಲ್ಲಬಾರದು. ಜನರೇಟರ್ ಲೈನ್ ಎಳೀರಿ!"

ಶುಕ್ರವಾರ ಏಸಿ ಬಂತು. ನಾನೂ ನೋಡಿ ಬಂದೆ. ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹಾರ ಹಾಕಿಸಿಕೊಂಡು ಗೋಡೆ ಮೇಲೆ ಕೂತಿದೆ. ಪ್ಲಗ್ ಮಾತ್ರ ಕೆಳಗೆ ನೇತಾಡುತ್ತಿದೆ. ಅದರ ಸಾಕೆಟ್ಟಿನಲ್ಲಿ ಇನ್‌ಕ್ಯುಬೇಟರ್ ಇದೆ. ಮೂವತ್ತೇಳು ಡಿಗ್ರಿ ತೋರಿಸುತ್ತಾ ನಿಂತಿದೆ. ಲ್ಯಾಬಿನಲ್ಲಿ ಫರ್ಹಾನಾ ಬೆವರು ಒರೆಸಿಕೊಳ್ಳುತ್ತಾ ಹಲ್ಲು ಕಿರಿಯುತ್ತಿದ್ದಾಳೆ.

ಬೇಕಾದ್ದನ್ನು ಕೇಳಿ ನಾಲ್ಕು ತಿಂಗಳು ಕಾದಳು, ಬೇಡದ್ದಕ್ಕೆ ಥ್ಯಾಂಕ್ಸ್ ಹೇಳಿದ ಮೂರೇ ದಿನಕ್ಕೆ ಬೇಕಾದ್ದು ಬಂತು. ನಿಮ್ಮ ಅರ್ಜಿಯಲ್ಲಿ ನೀವು ಏನಂತ ಬರೆದಿದ್ದೀರಿ?