ಹತ್ತನೆಯವಳು

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಲು ಹೊರಟು, ಮಾತಾಡಲು ಒಂದು ನರಪಿಳ್ಳೆಯೂ ಸಿಗದ ಜಾಗಕ್ಕೆ ಬಂದು ಬಿದ್ದೆನಲ್ಲ ಎಂದು ಮೊದಲ ಮೂರು ವಾರ ಒಳಗೊಳಗೇ ಕುದಿಯುತ್ತಿದ್ದೆ. ಯಲಬುರ್ಗಾ ರಸ್ತೆಯಲ್ಲಿ ಎರಡೂ ಕಡೆ ಎರೆಹೊಲ, ನಡುವೆ ಹೊಸ ಬಣ್ಣದ ಕಟ್ಟಡಗಳು. ಅದೇ ನಮ್ಮ ವಿಶ್ವವಿದ್ಯಾಲಯ. ಪಾಠ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ನಾನು ಬರೀ ಪಾಠದಿಂದ ಬದುಕುವ ಹೆಣ್ಣಲ್ಲ. ಗಂಗಾವತಿಯಲ್ಲಿ ನಮ್ಮ ಮನೆ ಇರುವುದು ಅಪ್ಪನ ಅಂಗಡಿಯ ಮೇಲೆ. ಅಕ್ಕಿ ಗಿರಣಿಗಳಿಗೆ ಬೇಕಾದ ಬೆಲ್ಟು, ಬೇರಿಂಗು ಮಾರುವ ಅಂಗಡಿ ಅದು. ಬೆಳಗಾದರೆ ಯಾರಾದರೊಬ್ಬರು ಮೆಟ್ಟಿಲು ಹತ್ತಿ ಬರುತ್ತಲೇ ಇರುತ್ತಾರೆ. ಗಿರಣಿಯವರು, ಕಾಲುವೆಯ ಪಕ್ಕದ ಕ್ಯಾಂಪುಗಳಲ್ಲಿ ನೆಲೆನಿಂತ ತೆಲುಗು ರೈತರು, ಅವ್ವನ ಭಜನೆಯ ಗುಂಪು, ನನ್ನ ಕಾಲೇಜಿನ ಗೆಳತಿಯರು. ಗದ್ದಲವಿಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ.

ಇಲ್ಲಿ ಎಲ್ಲವೂ ನಾಲ್ಕು ಗಂಟೆಗೆ ಮುಗಿದುಹೋಗುತ್ತಿತ್ತು. ಗೇಟಿನ ಈಚೆ ಬದಿ ಕೊಪ್ಪಳದ ಬಸ್ಸು, ಆಚೆ ಬದಿ ಯಲಬುರ್ಗಾದ ಬಸ್ಸು. ತಪ್ಪಿದರೆ ಮುಂದಿನದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಮೇಷ್ಟ್ರು ಪುಸ್ತಕ ಮುಚ್ಚುವುದೇ ತಡ, ಎಲ್ಲರೂ ಬ್ಯಾಗು ಹೆಗಲಿಗೇರಿಸಿ ಓಟ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರವಸ್ತ್ರವನ್ನೋ ವೇಲನ್ನೋ ಒಗೆದು ಸೀಟು ಹಿಡಿಯುವುದು ರೂಢಿ. ತನಗೊಂದು, ತನ್ನ ಗೆಳತಿಗೊಂದು. ಯಾರು ಯಾರಿಗೆ ಬೇಕಾದವರು ಎಂಬುದು ಆ ಕಿಟಕಿಗಳ ಹತ್ತಿರ ನಿಂತರೆ ತಿಳಿಯುತ್ತಿತ್ತು. ನನಗಾಗಿ ಯಾರೂ ಏನನ್ನೂ ಒಗೆಯಲಿಲ್ಲ. ಕೊಪ್ಪಳದ ಹಾಸ್ಟೆಲಿನವರೆಗೆ ದಿನವೂ ಕಂಬ ಹಿಡಿದು ನಿಂತೇ ಹೋಗುತ್ತಿದ್ದೆ. ತರಗತಿಯ ಹುಡುಗರಂತೂ ಮೊದಲ ದಿನವೇ "ಅಕ್ಕಾರ" ಎಂದು ಕರೆದು ಕೈತೊಳೆದುಕೊಂಡಿದ್ದರು. ಹುಡುಗಿಯರು ನನ್ನನ್ನು ನನ್ನ ಊರಿನಿಂದಲೇ ಕರೆಯುತ್ತಿದ್ದರು. "ಗಂಗಾವತಿ, ಪೆನ್ ಐತೇನು?" ಕೇಳಿ, ಬರೆದು, ವಾಪಸು ಕೊಡುತ್ತಿದ್ದರು. ಅಷ್ಟೇ ನಮ್ಮ ಮಾತುಕತೆ.

ಸಂಜೆ ಹಾಸ್ಟೆಲಿನ ಮಂಚದ ಮೇಲೆ ಕುಳಿತು ಫೋನು ತೆರೆದರೆ, ಧಾರವಾಡಕ್ಕೆ ಹೋದ ನನ್ನ ಹಳೆಯ ಗೆಳತಿಯರ ಫೋಟೋಗಳು. ಗಿರ್ಮಿಟ್ ತಿನ್ನುವ ಫೋಟೋ, ಕೆರೆ ಕಡೆ ತಿರುಗುವ ಫೋಟೋ. ನಾನು ಹೊಟ್ಟೆ ಉರಿದುಕೊಂಡು ಎಲ್ಲದಕ್ಕೂ ಹೃದಯದ ಗುರುತು ಒತ್ತುತ್ತಿದ್ದೆ.

ಒಂದು ಭಾನುವಾರ ಅವರಲ್ಲೊಬ್ಬಳು ಫೋನು ಮಾಡಿದಳು. "ಇಲ್ಲಿ ಸೀಟು ಖಾಲಿ ಉಳದಾವಲೇ. ಮುಂದಿನ ಸೋಮವಾರದೊಳಗ ಟಿ.ಸಿ. ತೊಗೊಂಡು ಬಂದ್ರ ಸಿಗ್ತೈತಿ. ನಮ್ಮ ರೂಮಿನ್ಯಾಗ ಜಾಗಾನೂ ಐತಿ." ನಾನು ಆ ಕ್ಷಣವೇ ಅಪ್ಪನಿಗೆ ಹೇಳಿದೆ. ಅಪ್ಪ ಬೇಡ ಎನ್ನಲಿಲ್ಲ. "ಶನಿವಾರ ನಾನೂ ಬರ್ತೀನಿ. ಆದ್ರ ಒಂದ್ ಸಲ ಹೆಸರು ತೆಗಿಸಿದ್ಮ್ಯಾಲ ಮತ್ತ ಇಲ್ಲಿ ಹಾಕಂಗಿಲ್ಲ ನೋಡವಾ, ಕುಂತು ವಿಚಾರ ಮಾಡು" ಎಂದ. ವಿಚಾರ ಮಾಡುವುದೇನಿತ್ತು? ನಾನು ಆಗಲೇ ಮನಸ್ಸಿನಲ್ಲಿ ಗಂಟುಮೂಟೆ ಕಟ್ಟಿಯಾಗಿತ್ತು.

ಸೋಮವಾರ ವಿಭಾಗದ ಮೇಡಂ ಕೋಣೆಗೆ ಹೋಗಿ ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಹತ್ತು ಜನರಿಗಿಂತ ಕಡಿಮೆಯಾದರೆ ಆ ವರ್ಷ ಆ ವಿಷಯ ನಡೆಸುವಂತಿಲ್ಲ ಎಂಬ ನಿಯಮವಿದೆ, ನಾವು ಸರಿಯಾಗಿ ಹತ್ತು ಜನ ಇದ್ದೇವೆ ಎಂದು ಮಾತ್ರ ಹೇಳಿದರು. ಖಾಲಿ ಸೀಟುಗಳಿಗೆ ಶನಿವಾರ ಮಧ್ಯಾಹ್ನದವರೆಗೆ ಪ್ರವೇಶ ತೆರೆದಿದೆಯಂತೆ, ಆದರೆ ಮೂರು ವಾರದಿಂದ ಯಾರೂ ಆ ಕಡೆ ಸುಳಿದಿರಲಿಲ್ಲ. "ನಿನ್ನ ಹಕ್ಕು ನಿನಗಿದೆ. ಉಳಿದವರಿಗೂ ತಿಳಿದಿರಲಿ ಅಂತ ನಾನು ಹೇಳಬೇಕಾಗುತ್ತದೆ" ಎಂದರು. ಮಧ್ಯಾಹ್ನ ತರಗತಿಯಲ್ಲಿ ಹೇಳಿಯೂಬಿಟ್ಟರು. ಎಲ್ಲರ ಮುಖ ನನ್ನ ಕಡೆ ತಿರುಗಿತು. ನಾಲ್ಕು ಗಂಟೆಯಾದರೂ ಅವತ್ತು ಯಾರೂ ಓಡಲಿಲ್ಲ.

ಮಂಗಳವಾರ ಬೆಳಿಗ್ಗೆ ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದರೆ, ತರಗತಿಯ ಇಬ್ಬರು ಹುಡುಗಿಯರು ನಡುವೆ ಒಂದು ಸೀಟಿನ ಮೇಲೆ ವೇಲು ಹಾಸಿಕೊಂಡು ಕುಳಿತಿದ್ದರು. "ಗಂಗಾವತಿ, ಬಾ, ಇಲ್ಲಿ ಕುಂದ್ರು ಬಾ." ಮಧ್ಯಾಹ್ನ ಒಬ್ಬ ಹುಡುಗ ಹೊರಗಿನ ತಗಡಿನ ಅಂಗಡಿಯಿಂದ ಚಹಾ ತಂದುಕೊಟ್ಟ. "ಅಕ್ಕಾರ, ಸಕ್ರಿ ಕಡಿಮಿ ಹಾಕ್ಸೀನ್ರಿ." ನನಗೆ ಸಕ್ಕರೆ ಕಡಿಮೆ ಬೇಕೆಂದು ಇವನಿಗೆ ಹೇಳಿದವರಾರು? ಬುಧವಾರ ನಮ್ಮ ತರಗತಿಯ ಯಲಬುರ್ಗಾದ ಹುಡುಗಿ ಕೈ ಹಿಡಿದು ತನ್ನ ಮನೆಗೇ ಕರೆದುಕೊಂಡು ಹೋದಳು. ಅವಳ ಅವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, "ಇನ್ನೊಂದು ಹಾಕೋವಾ, ನಾಚಬ್ಯಾಡ. ಇದೂ ನಿಂದ ಮನಿ ಅಂತ ತಿಳಕೋ" ಎಂದಳು. ನಾನು ತಿಂದೆ. ರುಚಿಯಾಗಿತ್ತು. ಆದರೆ ಪ್ರತಿ ತುತ್ತಿಗೂ ಒಳಗೆ ಯಾರೋ ಚುಚ್ಚುತ್ತಿದ್ದರು: ಇದು ನಿನಗೆ ಬಡಿಸಿದ್ದಲ್ಲ, ಹಾಜರಿ ಪುಸ್ತಕದ ಹತ್ತನೆಯ ಸಾಲಿಗೆ ಬಡಿಸಿದ್ದು.

ಮೂರು ವಾರ ಬೇಕು ಬೇಕು ಎಂದು ಬಾಯಿ ಬಿಡುತ್ತಿದ್ದದ್ದು ಈಗ ಕೈಗೆ ಬಂದಿತ್ತು. ಬಂದರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಯಾರಾದರೂ ನಕ್ಕರೆ ಅನುಮಾನ. ಯಾರಾದರೂ ಪಕ್ಕಕ್ಕೆ ಬಂದು ಕುಳಿತರೆ ಅನುಮಾನ. ನನ್ನ ಸ್ವಭಾವವೇ ಕೆಟ್ಟುಹೋಗುತ್ತಿದೆ ಎನ್ನಿಸಿ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಇವರೆಲ್ಲರ ನಡುವೆ ಒಬ್ಬಳು ಮಾತ್ರ ಬದಲಾಗಿರಲಿಲ್ಲ. ಕುಷ್ಟಗಿಯಿಂದ ದಿನವೂ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿ. ಅವಳ ತಂದೆಗೆ ಅಲ್ಲಿ ಗಾದಿ ಹೊಲಿಯುವ ಅಂಗಡಿ. ಅವಳು ಸೋಮವಾರಕ್ಕೆ ಮೊದಲು ನನ್ನೊಡನೆ ಎಷ್ಟು ಮಾತಾಡುತ್ತಿದ್ದಳೋ ಆಮೇಲೂ ಅಷ್ಟೇ, ಎಂದರೆ ಮಾತಾಡುತ್ತಲೇ ಇರಲಿಲ್ಲ.

ಗುರುವಾರ ಎಲ್ಲರೂ ಸೇರಿ ಇಟಗಿಯ ಹಳೆಯ ಗುಡಿಗೆ ಹೋಗೋಣ ಎಂದರು. ಮಧ್ಯಾಹ್ನ ಪಾಠವಿರಲಿಲ್ಲ. ಒಂದು ಟಂಟಂ ಆಟೋದಲ್ಲಿ ಒಬ್ಬರ ಮೇಲೊಬ್ಬರು ಕುಳಿತು ಹೋದೆವು. ಗುಡಿಯನ್ನು ಒಂದು ಸುತ್ತು ಹಾಕಿ, ಹೊರಗೆ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದರು. ಕಟಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು. ಯಾರ ಡಬ್ಬಿಯಿಂದ ಬಂದರೂ ಮೊದಲ ತುತ್ತು ನನ್ನ ಎಲೆಗೇ ಬೀಳುತ್ತಿತ್ತು. ಯಲಬುರ್ಗಾದವಳು ಮೂರನೆಯ ಸಲ ಚಟ್ನಿ ಹಾಕಲು ಬಂದಾಗ ನನಗೆ ತಡೆಯಲಾಗಲಿಲ್ಲ.

"ಸಾಕು ಮಾಡ್ರಿ. ಒಂದ್ ಮಾತು ಕೇಳ್ತೀನಿ, ಖರೇ ಹೇಳ್ರಿ. ನಾ ಹೊಂಟೀನಿ ಅಂದಿರಲಿಲ್ಲ ಅಂದ್ರ ಇವತ್ತ ಈ ಬುತ್ತಿ ಬಿಚ್ಚತಿದ್ರೇನು? ನಿಮಗ ನಾ ಬೇಕೋ, ನನ್ನ ಹಾಜರಿ ಬೇಕೋ?"

ಹುಡುಗರು ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದರು. "ಹಂಗ್ಯಾಕ ಅಂತೀಯವಾ, ನೀ ನಮ್ಮಾಕಿ ಅಲ್ಲೇನು?" ಎಂದಳು ಯಲಬುರ್ಗಾದವಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದು ಯಾವ ನೀರೋ ನನಗೆ ತಿಳಿಯಲಿಲ್ಲ.

"ಹಾಜರಿ ಬೇಕು" ಎಂದಳು ಕುಷ್ಟಗಿಯವಳು. ಎಲ್ಲರೂ ಅವಳತ್ತ ನೋಡಿದರು. "ಸುಳ್ಳ್ಯಾಕ ಹೇಳೂಣು? ಈ ಕ್ಲಾಸು ಮುಚ್ಚಿದ್ರ ನಾ ಮನ್ಯಾಗ ಕುಂದ್ರಾಕಿ. ಮುಂಜಾನಿ ಹೋಗಿ ಸಂಜಿಕ ಮನಿಗೆ ಬರೂದಾದ್ರ ಅಷ್ಟ ಓದು ಅಂದಾರ ನಮ್ಮ ಅಬ್ಬಾ. ನಿನಗ ಧಾರವಾಡ ಐತಿ. ನನಗ ಇದೊಂದ ಐತಿ. ಇನ್ನ ನೀ ಬೇಕೋ ಬ್ಯಾಡೋ ಅಂತ ಕೇಳಿದ್ರ ನಾ ಏನ್ ಹೇಳ್ಲಿ? ನೀ ಹೆಂಗದಿ ಅಂತ ನನಗಿನ್ನಾ ಗೊತ್ತ ಇಲ್ಲ."

ಮೈ ಉರಿದುಹೋಯಿತು. ಹಾಸ್ಟೆಲಿಗೆ ಬಂದು ಬಟ್ಟೆಗಳನ್ನು ಬ್ಯಾಗಿಗೆ ತುಂಬತೊಡಗಿದೆ. ಹೋಗುವುದೇ ಸರಿ, ಇಷ್ಟು ನಿಷ್ಠುರದ ಜನರ ನಡುವೆ ಎರಡು ವರ್ಷ ಹೇಗೆ ತೆಗೆಯುವುದು? ಅರ್ಧ ತುಂಬಿದ ಮೇಲೆ ಕೈ ನಿಂತಿತು. ಮೂರು ದಿನದಲ್ಲಿ ನನ್ನೊಡನೆ ನಡೆದ ಒಂದೇ ಒಂದು ನಿಜವಾದ ಮಾತು ಅದೇ ಆಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇನ್ನಷ್ಟು ಸಿಟ್ಟು.

ಶುಕ್ರವಾರ ಕುಷ್ಟಗಿಯವಳು ಬರಲಿಲ್ಲ.

ಮಳೆಯಿರಲಿ, ಜ್ವರವಿರಲಿ, ಒಂದು ದಿನವೂ ತಪ್ಪಿಸದಿದ್ದವಳು. ಅವಳ ಜಾಗ ಖಾಲಿ. ಯಲಬುರ್ಗಾದವಳು ಫೋನು ಹಚ್ಚಿ ಹಚ್ಚಿ ಸೋತಳು. "ಸ್ವಿಚ್ ಆಫ್ ಬರಾಕತ್ತೈತಿ. ಮನ್ಯಾಗ ಬಿಡಿಸಿಬಿಟ್ರೋ ಏನೋ. ಹೆಂಗಿದ್ರೂ ಮುಚ್ಚತೈತಲ್ಲ, ಯಾಕ ಹೋಗ್ತಿ ಅಂದಿರಬೇಕು." ಹೇಳಿದವಳು ನನ್ನ ಮುಖ ನೋಡಲಿಲ್ಲ. ಯಾರೂ ನೋಡಲಿಲ್ಲ. ಅವತ್ತು ನನಗೆ ಯಾರೂ ಚಹಾ ತರಲಿಲ್ಲ, ಬಸ್ಸಿನಲ್ಲಿ ಸೀಟೂ ಹಿಡಿಯಲಿಲ್ಲ. ನಾನು ಅಷ್ಟು ಹೊತ್ತು ಕಂಬ ಹಿಡಿದು ನಿಂತು ಯೋಚಿಸಿದ್ದು ಒಂದೇ. ಧಾರವಾಡದ ದೊಡ್ಡ ತರಗತಿಯಲ್ಲಿ ನಾನು ಒಂದು ದಿನ ಹೋಗದಿದ್ದರೆ ಹೀಗೆ ಫೋನು ಹಚ್ಚಿ ಹಚ್ಚಿ ಸೋಲುವವರು ಯಾರು? ಹಳೆಯ ಗೆಳತಿಯರು ಇದ್ದಾರೆ, ನಿಜ. ಆದರೆ ಅವರ ರೂಮಿನಲ್ಲಿ ಜಾಗವಿದೆ ಎಂದರೇ ಹೊರತು ನೀನಿಲ್ಲದೆ ಬೇಜಾರು ಎಂದು ಯಾರೂ ಅಂದಿರಲಿಲ್ಲ. ಹಾಗೆಂದು ಇಲ್ಲಿ ಉಳಿಯಲೆ? ಕರುಣೆಗೆ ಬಿದ್ದು ಉಳಿದರೆ ಎರಡು ವರ್ಷ ಎಲ್ಲರೂ ನನಗೆ ಉಪಕಾರ ತೀರಿಸುತ್ತ ಕೂರುತ್ತಾರೆ. ಅಂಥ ಸ್ನೇಹ ನನಗೆ ಬೇಡವೇ ಬೇಡ. ಬ್ಯಾಗಿನಲ್ಲಿ ಉಳಿದ ಬಟ್ಟೆಯನ್ನೂ ತುಂಬಿದೆ.

ಶನಿವಾರ ಅಪ್ಪ ಗಂಗಾವತಿಯಿಂದ ಮೊದಲ ಬಸ್ಸಿಗೇ ಬಂದ. ಇಬ್ಬರೂ ವಿಶ್ವವಿದ್ಯಾಲಯದ ಕಚೇರಿಗೆ ಹೋದೆವು. ತರಗತಿಯವರೆಲ್ಲ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ಪಾಠವಿಲ್ಲದ ದಿನ ಯಾಕೆ ಬಂದಿದ್ದರೋ. ಯಾರೂ ಏಳಲಿಲ್ಲ, ನನ್ನನ್ನು ತಡೆಯಲಿಲ್ಲ. ಅಪ್ಪ ಅವರ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. ಗುಮಾಸ್ತರು ಕಪಾಟಿನಿಂದ ನನ್ನ ಮೂಲ ಅಂಕಪಟ್ಟಿಗಳ ಲಕೋಟೆ ತೆಗೆದು ಮೇಜಿನ ಮೇಲೆ ಇಟ್ಟರು. "ಟಿ.ಸಿ. ಬರೀಲೇನ್ರಿ? ಬರದ್ರ ಮುಗೀತು ನೋಡ್ರಿ." "ಬರೀರಿ" ಎನ್ನಲು ಬಾಯಿ ತೆರೆದೆ. ಹೊರಗೆ ಕಟ್ಟೆಯ ಕಡೆ ಗದ್ದಲವಾಯಿತು.

ಕುಷ್ಟಗಿಯವಳು ಏದುಸಿರು ಬಿಡುತ್ತ ಒಳಗೆ ಬಂದಳು. ಹಿಂದೆ ಬುರ್ಖಾ ತೊಟ್ಟ ಒಬ್ಬ ಹೆಂಗಸು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕುಷ್ಟಗಿಯವಳು ನನ್ನನ್ನು ದಾಟಿ ಸೀದಾ ಗುಮಾಸ್ತರ ಹತ್ತಿರ ಹೋದಳು. "ಸರ್, ಇವರು ನಮ್ಮ ಭಾಬಿ, ನಮ್ಮ ಅಣ್ಣನ ಹೆಂಡ್ತಿ. ಬಿ.ಎ. ಮುಗಿಸ್ಯಾರ. ಸಮಾಜಶಾಸ್ತ್ರಕ್ಕ ಹೆಸರು ಹಚ್ಚೂದೈತ್ರಿ. ಎಲ್ಲಾ ಕಾಗದ ತಂದೀವಿ." ಭಾಬಿ ಚೀಲದಿಂದ ಅಂಕಪಟ್ಟಿ ತೆಗೆಯುತ್ತ ನಕ್ಕರು. "ಭಾಬಿನ್ನೂ ಓದಾಕ ಕಳಸ್ರಿ ಅಂತ ನಾಕು ದಿನದಿಂದ ಮನ್ಯಾಗ ಬರೀ ಜಗಳಾ ತೆಗದಾಳ್ರಿ ಈಕಿ. ನಿನ್ನಿ ಇಡೀ ದಿನ ಹಟಾ ಹಿಡದು ಕುಂತ್ಲು. ಕಡೀಕ ನಮ್ಮ ಅತ್ತಿನೂ ಹೂಂ ಅಂದ್ರು." ಗುಮಾಸ್ತರು ಒಂದೊಂದೇ ಕಾಗದ ತಿರುವಿ ನೋಡಿ, ಎಲ್ಲ ಸರಿಯಿದೆ ಎಂದು ಅರ್ಜಿಯ ಮೇಲೆ ಮುದ್ರೆ ಒತ್ತಿದರು.

ಮುದ್ರೆ ಬಿದ್ದ ಮೇಲೆಯೇ ಕುಷ್ಟಗಿಯವಳು ನನ್ನತ್ತ ತಿರುಗಿದ್ದು.

"ಈಗ ನೀ ಹೋಗಬೋದು" ಎಂದಳು.

ನನಗೆ ಕೆನ್ನೆಗೆ ಹೊಡೆದಂತಾಯಿತು. "ಹೌದಲ್ಲ. ಲೆಕ್ಕ ತುಂಬೇತಿ" ಎಂದೆ.

"ತುಂಬೇತಿ. ನೀ ಹೋದ್ರೂ ಕ್ಲಾಸ್ ನಡೀತೈತಿ. ನಮಗೇನೂ ಆಗಂಗಿಲ್ಲ." ಅವಳ ಉಸಿರು ಇನ್ನೂ ಸರಿಹೋಗಿರಲಿಲ್ಲ. "ನಿನ್ನಿತನಾ 'ಇರು' ಅಂದಿದ್ರ ಹಾಜರಿಗೆ ಅಂದಂಗ ಆಗ್ತಿತ್ತು. ನೀನೂ ನಂಬ್ತಿದ್ದಿಲ್ಲ, ನನಗೂ ಖರೇ ಅನಸ್ತಿದ್ದಿಲ್ಲ. ಅದಕ್ಕ ಈಗ ಕೇಳ್ತೀನಿ. ಇರ್ತಿಯೇನು?"

ಇಷ್ಟು ವರ್ಷ ನನ್ನ ಸುತ್ತ ಎಷ್ಟೋ ಜನ ಇದ್ದರು. ಆದರೆ ನನಗೆ ಒಂದು ಪ್ರಶ್ನೆಯನ್ನು ನಿಜವಾಗಿ ಕೇಳಲೆಂದು ಮನೆಯವರನ್ನೆಲ್ಲ ಎದುರು ಹಾಕಿಕೊಂಡವರು ಯಾರೂ ಇರಲಿಲ್ಲ. ದುಃಖ ಉಕ್ಕಿಬಂತು. ಅದನ್ನು ತೋರಿಸಿಕೊಳ್ಳಲಾಗದೆ ಅವಳನ್ನು ಬೈದೆ. "ಒಂದ್ ಫೋನ್ ಆದ್ರೂ ಹಚ್ಚಬಾರದೇನು? ನಿನ್ನ ಸಾಲಿ ಬಿಡಿಸಿದ್ರು ಅಂತ ನಾ ನಿನ್ನಿಯಿಂದ ಸಾಯಾಕತ್ತೀನಿ ಇಲ್ಲಿ!" ಅವಳು ಮೊದಲ ಸಲ ನಕ್ಕಳು. ಜಗಳದಲ್ಲಿ ಅವಳ ಅಣ್ಣ ಫೋನು ಕಸಿದಿಟ್ಟುಕೊಂಡಿದ್ದನಂತೆ.

"ಸರ್, ಟಿ.ಸಿ. ಬ್ಯಾಡ್ರಿ" ಎಂದೆ ಗುಮಾಸ್ತರಿಗೆ. ಅವರು ಗೊಣಗುತ್ತ ಲಕೋಟೆಯನ್ನು ಕಪಾಟಿಗೆ ಹಾಕಿದರು. ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ, ದನಿ ತಗ್ಗಿಸಿ ಕೇಳಿದ:

"ಅಲ್ಲವಾ, ಯಾರಕಿ ಆ ಹುಡುಗಿ?"

"ನನ್ನ ಗೆಳತಿ" ಎಂದೆ. ಆ ಊರಿಗೆ ಬಂದ ಮೇಲೆ ಆ ಮಾತನ್ನು ಹೇಳಿದ್ದು ಅದೇ ಮೊದಲು.