ಹಲ್ಲು ಕಚ್ಚದೆ ಬಲೆ ಬೀಸಬೇಕಂತೆ

ಬೆಳಗಿನ ಮಾತ್ರೆ ತೆಗೆದುಕೊಳ್ಳದೆ ಬನ್ನಿ ಎಂದಿದ್ದರು ಆಸ್ಪತ್ರೆಯವರು. ಹೇಳುವುದು ಸುಲಭ. ನನಗಿರುವುದು ಪಾರ್ಕಿನ್ಸನ್ ಕಾಯಿಲೆ. ಮಿದುಳಿನಲ್ಲಿ ಡೋಪಮಿನ್ ಎಂಬುದು ಕಡಿಮೆಯಾಗಿ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಆ ಕೊರತೆ ತುಂಬುವ ಮಾತ್ರೆಯಿಲ್ಲದೆ ನಾನು ಕಿರಿಮಂಜೇಶ್ವರದಲ್ಲಿ ಬಸ್ಸು ಹತ್ತುವಷ್ಟರಲ್ಲಿ ಕಂಡಕ್ಟರ್ ಮತ್ತೆ ಮತ್ತೆ ಸೀಟಿ ಊದಿದ, ಹೆಂಡತಿ ಹಿಂದಿನಿಂದ ನೂಕಿದಳು. ಬ್ರಹ್ಮಾವರ ದಾಟುವವರೆಗೂ ಇಬ್ಬರನ್ನೂ ಮನಸ್ಸಿನಲ್ಲೇ ಬೈಯುತ್ತ ಕೂತೆ.

ಮಾತ್ರೆ ಮಿದುಳಿನಲ್ಲಿ ಏನು ಮಾಡುತ್ತದೆಂದು ನೋಡುವ ಸಂಶೋಧನೆಯಂತೆ. ಮಾತ್ರೆಯಿಲ್ಲದೆ ಒಮ್ಮೆ, ನುಂಗಿದ ಮೇಲೆ ಇನ್ನೊಮ್ಮೆ ಎಂಆರ್‌ಐ ಯಂತ್ರದೊಳಗೆ ಮಲಗಬೇಕು. ಆಡಿಸಿ ಎಂದಾಗ ಬೆರಳು ಆಡಿಸಬೇಕು. ಊಹಿಸಿ ಎಂದಾಗ ಅಲುಗದೆ ಮಲಗಿ, ಆಡಿಸಿದಂತೆ ಮನಸ್ಸಿನಲ್ಲೇ ನೆನೆಯಬೇಕು. ಬೆರಳಾಡಿಸುವುದನ್ನು ಯಾರಾದರೂ ಕೂತು ನೆನೆಯುತ್ತಾರೆಯೇ? ಹೊಳೆಯಲ್ಲಿ ಬೀಸುಬಲೆ ಹಾಕಿ ಬದುಕಿದವನು ನಾನು. ಬಲೆ ಬೀಸುವುದನ್ನೇ ನೆನೆದೆ.

"ಅಜ್ಜಾ, ಬಾಯಿ ಅಲ್ಲಾಡಿಸಬೇಡಿ," ಎಂದು ಸ್ಪೀಕರಿನಲ್ಲಿ ಎಳೆಯ ಡಾಕ್ಟರನ ದನಿ ಬಂತು.

ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯದೆ ಬೀಸುವುದಾದರೂ ಹೇಗೆ? ಮತ್ತೆ ನೆನೆದೆ, ಮತ್ತೆ ಕಚ್ಚಿದೆ, ಮತ್ತೆ ಹೇಳಿಸಿಕೊಂಡೆ. ಅದರ ಮೇಲೆ ಮಾತುಮಾತಿಗೂ ಅಜ್ಜ ಬೇರೆ. ಮೈಯೆಲ್ಲ ಉರಿಯಿತು. ಕೊನೆಗೆ ಹಲ್ಲು ಬಿಟ್ಟು ಬರಿಗೈಯಲ್ಲೇ ಬೀಸಿದೆ. ಬಲೆ ಬಿಚ್ಚಿಕೊಳ್ಳಲಿಲ್ಲ, ಒದ್ದೆ ಬಟ್ಟೆಯ ಗಂಟಿನಂತೆ ಕಾಲಬುಡದಲ್ಲೇ ಬಿತ್ತು. ಕಚ್ಚದೆ ಬೀಸಿದ್ದಕ್ಕೇ ಹೀಗಾಯಿತು ಎಂದುಕೊಂಡೆ.

ಹೊರಗೆ ಬಂದು ಹೆಂಡತಿಗೆ ಹೇಳಿದರೆ ಅವಳದೂ ಅದೇ ರಾಗ. "ಬೆರಳ್ ಆಡ್ಸುಕ್ ಹೇಳ್ರೆ ನೀವ್ ಬಲಿ ಬೀಸುದ್ ಎಂತಕ್ಕೆ ಮಾರಾಯ್ರೆ?" ಎನ್ನುತ್ತ ಮಾತ್ರೆಯನ್ನು ಕೈಗಿಟ್ಟಳು. ಅದು ಕೆಲಸ ಮಾಡತೊಡಗಿದ ಮೇಲೆ ಮತ್ತೆ ಮಲಗಿಸಿದರು. ಈ ಸಲವೂ ನಾನು ಹಲ್ಲು ಕಚ್ಚಲಿಲ್ಲ. ಬಲೆ ದುಂಡಗೆ ಹರಡಿ ನೀರಿಗೆ ಬಿತ್ತು.

"ಈಗ ಚೆನ್ನಾಗಿ ಊಹಿಸಲು ಆಯಿತಾ?" ಎಂದು ಡಾಕ್ಟರ್ ಕೇಳಿದ.

ಆಯಿತು ಎಂದೆ. ಸಿಟ್ಟು ಬಂತು, ಅಳುವೂ ಬಂತು. ಕೈಕಾಲು ಹೋದರೆ ಹೋಗಲಿ, ಕಣ್ಣು ಮುಚ್ಚಿದರೆ ಹೊಳೆಯಿದೆ, ಬಲೆಯಿದೆ ಎಂದು ಇಷ್ಟು ದಿನ ಧೈರ್ಯವಾಗಿದ್ದೆ. ಅದಕ್ಕೂ ಮಾತ್ರೆಯೇ ಬೇಕೆಂದರೆ ನನ್ನದು ಎಂದು ಇನ್ನೇನು ಉಳಿಯಿತು? ಇದನ್ನು ಆ ಹುಡುಗನಿಗೆ ಹೇಳಿ ಪ್ರಯೋಜನವಿರಲಿಲ್ಲ.

ವಾಪಸು ಬರುವಾಗ, ಕುಂದಾಪುರ ದಾಟಿ ಬಸ್ಸು ಸೇತುವೆ ಹತ್ತಿದಾಗ ಕಣ್ಣು ಮುಚ್ಚಿದೆ.

"ಹ್ವಾಯ್, ನಿದ್ರಿ ಮಾಡ್ಬೇಡಿ, ಆಮೇಲ್ ಇಳುಕ್ ಕಷ್ಟ ಆತ್ತ್," ಎಂದಳು ಹೆಂಡತಿ.

"ನಿದ್ರಿ ಅಲ್ಲ. ಮಾತ್ರಿ ಪವರ್ ಇಳುದ್ರೊಳ್ಗೆ ಒಂದ್ ಸಲ ಬಲಿ ಬೀಸ್ತೆ. ಆಚಿಗ್ ಸರಿ," ಎಂದು ರೇಗಿದೆ.

ಬಲೆ ಬೀಸುವವನ ಪಕ್ಕದಲ್ಲಿ ಯಾರೂ ನಿಲ್ಲಬಾರದು. ಅವಳು ಹುಟ್ಟಿದ್ದೂ ಮೀನುಗಾರರ ಮನೆಯಲ್ಲೇ. ಸೀಟಿನ ತುದಿಗೆ ಸರಿದು, ನಡುವೆ ಇದ್ದ ಚೀಲವನ್ನೂ ಎತ್ತಿ ಮಡಿಲಲ್ಲಿಟ್ಟುಕೊಂಡಳು.